ಸಮುದ್ರ ಬಲಗಡೆಗೇ ಬರಬೇಕು

ನಮ್ಮ ಕಾಕಾ ಹೈದರಾಬಾದಿನಲ್ಲಿದ್ದುಕೊಂಡೇ ದಿನಾ ಬೆಳಿಗ್ಗೆ ಸಮುದ್ರದ ದಂಡೆಯ ಮೇಲೆ ಓಡುತ್ತಿದ್ದರು! ನಗಬೇಡಿ. ಹೈದರಾಬಾದಿನಿಂದ ಸಮುದ್ರ ಎಷ್ಟು ದೂರವೆಂದು ನನಗೂ ಗೊತ್ತು. ಶಾಲೆಯಲ್ಲಿ ಭೂಗೋಳ ಕಲಿಸುವವಳು ನಾನು. ಆದರೆ ಕಾಕಾನ ಮುಂದೆ ಭೂಗೋಳ ತೆಗೆದರೆ ನನ್ನನ್ನೇ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಅವರ ಹೆಸರು ಮಾತ್ರ ಕೇಳಬೇಡಿ. ಕಟ್ಟಿಕೊಂಡ ಕಾಕುನೇ ಮೂವತ್ತು ವರ್ಷ ಬಾಯಿಬಿಟ್ಟು ಹೇಳದ ಹೆಸರನ್ನು ನಾನು ಊರ ತುಂಬ ಸಾರಿಕೊಂಡು ಬರಲೇ? ನಮ್ಮ ರಾಯಚೂರು ಕಡೆಯ ಆ ಕಾಲದ ಹೆಂಗಸರು ಗಂಡನ ಹೆಸರು ಹಿಡಿಯುತ್ತಿರಲಿಲ್ಲ. ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿಕೆ. ಮಿಕ್ಕ ಹೆಂಗಸರು ಮದುವೆ ಮುಂಜಿಗಳಲ್ಲಾದರೂ ಒಗಟಿನಲ್ಲಿ ಸೇರಿಸಿ ಒಂದು ಸಲ ಹೇಳಿ ಪಾರಾಗುತ್ತಿದ್ದರು. ಕಾಕು ಅದಕ್ಕೂ ಜಗ್ಗಲಿಲ್ಲ. "ನಿಮ್ಮ ಚ್ಯಾಷ್ಟಿಗೆ ಇವರ ಆಯುಷ್ಯ ಯಾಕ ಕಡಿಮಿ ಮಾಡ್ಲಿ?" ಎಂದು ಆರತಿ ತಟ್ಟೆಯನ್ನೇ ಕೆಳಗಿಟ್ಟುಬಿಡುತ್ತಿದ್ದರು!

ರೇಶನ್ ಕಾರ್ಡಿನ ಕಚೇರಿಗೆ ಒಮ್ಮೆ ನಾನೇ ಕರೆದುಕೊಂಡು ಹೋಗಿದ್ದೆ. ಗುಮಾಸ್ತ ತಲೆ ಎತ್ತದೆ "ಭರ್ತ ಪೇರು?" ಎಂದು ತೆಲುಗಿನಲ್ಲಿ ಗಂಡನ ಹೆಸರು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಕಾಕು ತಮಗೆ ಬಂದ ತೆಲುಗಿನಲ್ಲೇ ಹೇಳಿದರು: ಬೆಳಿಗ್ಗೆ ಬೆಳಿಗ್ಗೆ ಓಡತಾರಲ್ಲ, ಅವರೇ. ಗುಮಾಸ್ತ "ಓಹೋ!" ಎಂದವನೇ ಹೆಸರು, ಅಡ್ಡಹೆಸರು, ಮನೆಯ ನಂಬರು ಎಲ್ಲ ತಾನೇ ಬರೆದುಕೊಂಡ. ಒಂದಕ್ಷರ ತಪ್ಪಿರಲಿಲ್ಲ!

ಕಾಕಾನ ಓಟ ಅಷ್ಟು ಪ್ರಸಿದ್ಧ. ತಲೆಗೆ ಉಲ್ಲನ್ ಟೋಪಿ, ಕಾಲಿಗೆ ಕ್ಯಾನ್ವಾಸ್ ಬೂಟು, ನಡುವೆ ಮೊಣಕಾಲಿಗೆ ಬರುವ ಖಾಕಿ ಚಡ್ಡಿ. ನಮ್ಮ ಮನೆ ಇದ್ದದ್ದು ಕಾಚಿಗೂಡ ಸ್ಟೇಶನ್ನಿನ ಹಿಂದಿನ ಓಣಿಯಲ್ಲಿ. ಅಲ್ಲಿ ಬೆಳಿಗ್ಗೆ ಯಾರಾದರೂ ಓಡಿದರೆ ಜನ ಏನು ತಿಳಿಯುತ್ತಾರೆ ಹೇಳಿ? "ಅಜೀ ಸಾಬ್, ಬೈಠೋ! ಗಾಡಿ ಛೂಟ್ ಜಾತಿ!" ಎಂದು, ರೈಲು ತಪ್ಪೀತು ಹತ್ತಿ ಅಂತ ಆಟೋದವರು ಬೆನ್ನು ಹತ್ತುತ್ತಿದ್ದರು. ಪ್ಲಾಟ್‌ಫಾರ್ಮು ಚಪ್ಪಟೆಯಾಗಿದೆ, ಉಸುಕಿನ ದಂಡೆಯ ಅಭ್ಯಾಸಕ್ಕೆ ಬರೋಬ್ಬರಿ ಎಂದು ಕಾಕಾ ಒಂದು ದಿನ ಅಲ್ಲೇ ಓಡಿದರು. ಹೊರಟಿದ್ದ ಗಾಡಿಯ ಬಾಗಿಲಲ್ಲಿ ನಿಂತ ಪುಣ್ಯಾತ್ಮರಿಬ್ಬರು ಪಾಪ ಎಂದು ರಟ್ಟೆ ಹಿಡಿದು ಒಳಗೆ ಎಳೆದುಕೊಂಡೇಬಿಟ್ಟರು! ಮಲಕಪೇಟೆಯಲ್ಲಿ ಇಳಿದು, ಮೂಸಿ ಹೊಳೆ ದಾಟಿ ಓಡುತ್ತ ಮನೆಗೆ ಬಂದರು. ನಾವೆಲ್ಲ ಗಾಬರಿಯಾಗಿ ಕೂತಿದ್ದರೆ ಬೂಟು ಬಿಚ್ಚುತ್ತ ಹೇಳಿದ್ದೇನು?

"ಆ ದಾರೀನೂ ಭಾಳ ಛಲೋ ಐತಿ."

ದಾರಿ ಚಂದ ಇರಬೇಕು, ಅದೇ ಅವರ ಹಟ. "ನೋಡಾಕ ಏನೂ ಇಲ್ಲದ ರಸ್ತೆದಾಗ ಓಡೋದು ಪೊಲೀಸರು ಬೆನ್ನು ಹತ್ತಿದವರ ಕೆಲಸ" ಎನ್ನುತ್ತಿದ್ದರು. ಈ ಹುಚ್ಚಿಗೆ ಕಾರಣ ಅವರ ನೌಕರಿ. ಕಾಕಾ ಸರಕಾರಿ ಕಚೇರಿಯಲ್ಲಿ ನಕಾಶೆ ಬರೆಯುವವರು. ಆಗ ಇಡೀ ಆಂಧ್ರಕ್ಕೆ ಹೈದರಾಬಾದೇ ರಾಜಧಾನಿ. ಹಾಗಾಗಿ ಸಮುದ್ರವೇ ಇಲ್ಲದ ಊರಲ್ಲಿ ಕೂತು ರಾಜ್ಯದ ಸಮುದ್ರದಂಡೆಯನ್ನೆಲ್ಲ ಮಸಿಯಲ್ಲಿ ಎಳೆಯುವ ಕೆಲಸ ಇವರ ಪಾಲಿಗೆ ಬಂದಿತ್ತು. ನೂರಾರು ಸಲ ದಂಡೆ ಎಳೆದ ಮನುಷ್ಯ, ಒಂದು ಸಲವೂ ಅದರಲ್ಲಿ ಕಾಲು ನೆನೆಸಿರಲಿಲ್ಲ!

ಮದುವೆಯಾದ ಹೊಸತರಲ್ಲಿ ಕಾಕು ಒಂದೇ ಒಂದು ಬೇಡಿಕೆ ಇಟ್ಟಿದ್ದರಂತೆ: "ನನಗ ಸಮುದ್ರ ತೋರಸ್ರಿ." ಕಾಕಾ ಮಾತು ಕೊಟ್ಟರು. ಆದರೆ ಎಲ್ಲರ ಹಾಗೆ ಬಸ್ಸಿನಲ್ಲಿ ಕರೆದೊಯ್ದು ಉಸುಕಿನ ಮೇಲೆ ನಿಲ್ಲಿಸಿ ತೋರಿಸುವುದೇ? ಛೇ! ವಿಶಾಖಪಟ್ಟಣದಿಂದ ಭೀಮಿಲಿಯ ಕಡೆ ಹೋಗುವಾಗ ಗುಡ್ಡಗಳ ಮೇಲಿನ ಒಂದು ಕಚ್ಚಾ ದಾರಿಯನ್ನು ಅವರು ನಕಾಶೆಯಲ್ಲಿ ಹುಡುಕಿಟ್ಟಿದ್ದರು. ಒಳಮಗ್ಗುಲಿನಿಂದ ಏರು; ನೆತ್ತಿ ಮುಟ್ಟುವವರೆಗೆ ಏನೂ ಕಾಣದು; ಅಲ್ಲಿ ಒಂದು ತಿರುವು, ಆಮೇಲೆ ಒಮ್ಮೆಲೇ ಸಮುದ್ರ! ಮುಂದೆ ಭೀಮಿಲಿಯವರೆಗೂ ಅದು ಬಲಗಡೆಗೇ. ತಾವು ಮುಂದೆ ಓಡಿ ದಾರಿ ನೋಡಿಟ್ಟು, ಕಾಕುನನ್ನು ಹಿಂದಿನಿಂದ ನಿಧಾನ ಕರೆತರಬೇಕು. ಅದಕ್ಕೆ ಈ ಅಭ್ಯಾಸ.

ಏರಿನ ಅಭ್ಯಾಸಕ್ಕೆ ಊರೊಳಗಿನ ನೌಬತ್ ಪಹಾಡ್ ಗುಡ್ಡ. ಅದರ ನೆತ್ತಿಯಿಂದ ಹುಸೇನ್ ಸಾಗರ ಕೆರೆ ಕಾಣುತ್ತದಲ್ಲ, ಅಲ್ಲಿ ನಿಂತು ಕೈ ಚಾಚಿ "ಸಮುದ್ರ ಬಂತು!" ಎಂದು ಕೂಗುವುದು. ದಂಡೆಯ ಅಭ್ಯಾಸಕ್ಕೆ ಆ ಕೆರೆಯ ಕಟ್ಟೆ, ಟ್ಯಾಂಕ್ ಬಂಡ್. ಅದರಲ್ಲೂ ಒಂದು ತಕರಾರು. ನಮ್ಮ ಕಡೆಯಿಂದ ಓಡಿದರೆ ನೀರು ಎಡಕ್ಕೆ ಬರುತ್ತದೆ. ಅದಕ್ಕೆ ಬಸ್ಸು ಹತ್ತಿ ಸಿಕಂದರಾಬಾದಿನ ತುದಿಗೆ ಹೋಗಿ, ಅಲ್ಲಿಂದ ಈ ಕಡೆ ಓಡಿ ಬರುತ್ತಿದ್ದರು. ಓಡಲು ಬಸ್ಸಿನಲ್ಲಿ ಹೋಗುವ ಮನುಷ್ಯನನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ?

"ಕಾಕಾ, ಎಡಗಡೆ ಬಂದ್ರ ಏನಾಗತೈತ್ರಿ?" ಎಂದು ಕೇಳಿದೆ.

"ಕುತ್ತಿಗಿಗೆ ರೂಢಿ ತಪ್ಪತೈತಿ. ಸಮುದ್ರ ಬಲಗಡೆಗೇ ಬರಬೇಕು!"

ಹೀಗೆ ಅಭ್ಯಾಸ ನಡೆಯುತ್ತಲೇ ಇತ್ತು. ಸಮುದ್ರ ಮಾತ್ರ ಮುಂದಿನ ವರ್ಷಕ್ಕೆ, ಮುಂದಿನ ವರ್ಷಕ್ಕೆ ಸರಿಯುತ್ತಿತ್ತು. ಒಮ್ಮೆ ರಜೆ ಸಿಗಲಿಲ್ಲ, ಒಮ್ಮೆ ಬಾಣಂತನ, ಒಮ್ಮೆ ಚುನಾವಣೆ. ಕಾಕುನ ಮೊಣಕಾಲು ಅಷ್ಟರಲ್ಲಿ ನೋಯಲು ಶುರುವಾಯಿತು. ಕಾಕಾನ ನಿವೃತ್ತಿಗೆ ಎರಡು ತಿಂಗಳಿದ್ದಾಗ ಕಾಕು ಸೌಟು ಕೆಳಗಿಟ್ಟು ಹೇಳಿದರು: "ನೋಡ್ರಿ, ನನ್ನ ಮೊಣಕಾಲು ಇನ್ನೊಂದು ವರ್ಷ ಗುಡ್ಡ ಹತ್ತಂಗಿಲ್ಲ. ಈಗ ತೋರಿಸಿದ್ರ ತೋರಿಸಿದ್ರಿ. ಇಲ್ಲಂದ್ರ ನಿಮ್ಮ ಸಮುದ್ರ ಕಾಗದದ ಮ್ಯಾಲೇ ಇರಲಿ." ಕಾಕಾ ಅಂದೇ ಹೋಗಿ ಟಿಕೀಟು ತಂದರು. ಕಾಕುನ ಕೈ ಹಿಡಿಯಲು ನನ್ನದೂ ಒಂದು.

ವಿಶಾಖಪಟ್ಟಣದಲ್ಲಿ ಇಳಿದು ಆಟೋ ಹತ್ತಿದ್ದೇ ತಡ, ಕಾಕಾ ಕಾಕುನ ಮುಖಕ್ಕೆ ಅಡ್ಡಲಾಗಿ ಛತ್ರಿ ಬಿಚ್ಚಿ ಹಿಡಿದರು! ಬಿಸಿಲಿಲ್ಲ, ಮಳೆಯಿಲ್ಲ. ಗುಡ್ಡದ ತಿರುವಿಗಿಂತ ಮೊದಲು ಸಮುದ್ರ ಕಣ್ಣಿಗೆ ಬೀಳಬಾರದಂತೆ. ತಾವೂ ನೋಡದೆ ಛತ್ರಿಯ ಕಡ್ಡಿ ಎಣಿಸುತ್ತ ಕೂತಿದ್ದರು.

"ವಾಸನಿ ಬರಾಕತ್ತೈತ್ರಿ," ಎಂದರು ಕಾಕು ಛತ್ರಿಯ ಒಳಗಿನಿಂದ. "ಮೂಗಿಗೂ ಒಂದು ಛತ್ರಿ ತಂದೀರೇನು?"

ಮರುದಿನ ಬೆಳಿಗ್ಗೆ ಗುಡ್ಡದ ಬುಡಕ್ಕೆ ಹೋದೆವು. ಕೆಂಪು ಮಣ್ಣಿನ ದಾರಿ, ಎರಡೂ ಕಡೆ ಗೇರು ಗಿಡ, ಅಲ್ಲಲ್ಲಿ ತಾಳೆಮರ. ನಕಾಶೆಯಲ್ಲಿದ್ದಂತೆಯೇ ಇತ್ತು, ಆದರೆ ಏರು ಮಾತ್ರ ಕಾಗದದ ಮೇಲಿದ್ದದ್ದಕ್ಕಿಂತ ಬಿರುಸು. "ನೀವು ಹಿಂದ ಬರ್ರಿ, ನಾ ತಿರುವು ನೋಡ್ತೀನಿ" ಎಂದು ಕಾಕಾ ಉಲ್ಲನ್ ಟೋಪಿ ಎಳೆದುಕೊಂಡು ಓಡಿದರು. ನಾನು ಕಾಕುನ ತೋಳು ಹಿಡಿದೆ. ಹತ್ತು ಹೆಜ್ಜೆ ಹತ್ತುವುದು, ಕಲ್ಲಿನ ಮೇಲೆ ಕೂರುವುದು. ಟೋಪಿ ಚಿಕ್ಕದಾಗುತ್ತ ಹೋಗಿ ನೆತ್ತಿಯ ಆಚೆ ಮುಳುಗಿತು.

ಐದು ನಿಮಿಷವಾಯಿತು, ಹತ್ತಾಯಿತು. ಟೋಪಿ ಮೇಲೆ ಬರಲಿಲ್ಲ. ಕೆಳಗೆ ಹೊರಟಿದ್ದ ಮುದುಕಿಯೊಬ್ಬಳು ಸೌದೆ ಹೊರೆಯ ಅಡಿಯಿಂದಲೇ, ಆಚೆ ಬದಿ ಭಾರಿ ಇಳುಕಲು, ಹುಷಾರಮ್ಮ ಎಂದು ತೆಲುಗಿನಲ್ಲಿ ಹೇಳಿ ಹೋದಳು. ಕಾಕು ನೆತ್ತಿಯ ಕಡೆ ತಿರುಗಿ ಕೂತರು.

"ಏನ್ರೀ!" ಎಂದು ಕೂಗಿದರು. ಎದುರುಗಾಳಿ ಆ ಕೂಗನ್ನು ನಮಗೇ ತಂದು ಕೊಟ್ಟಿತು. "ಏನ್ರೀ! ಕೇಳಸ್ತೈತೇನ್ರೀ!" ಉತ್ತರವಿಲ್ಲ. ನಾನು "ಕಾಕಾ!" ಎಂದೆ. ಅದಕ್ಕೂ ಇಲ್ಲ.

ಆಗ ಕಾಕು ನನ್ನ ಕೈ ಕೊಡವಿ ಎದ್ದು ನಿಂತರು. ಎರಡೂ ಅಂಗೈ ಬಾಯಿಗೆ ಹಿಡಿದು, ಗುಡ್ಡ ಅದುರುವಂತೆ, ಮೂವತ್ತು ವರ್ಷ ನುಂಗಿಕೊಂಡಿದ್ದ ಆ ಹೆಸರನ್ನು ಕೂಗಿದರು! ಒಗಟಿಲ್ಲ, ರಾಯರು ಗೀಯರು ಇಲ್ಲ, ಬರೀ ಹೆಸರು.

ನೆತ್ತಿಯಲ್ಲಿ ಟೋಪಿ ಮೂಡಿತು. ಆಮೇಲೆ ಕಾಕಾ.

ಅವರಿಗೆ ಏನೂ ಆಗಿರಲಿಲ್ಲ. ತಿರುವಿನಲ್ಲಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ನಿಂತಿದ್ದರಂತೆ, ಕಾಕು ಬಂದ ಮೇಲೆ ಇಬ್ಬರೂ ಕೂಡಿಯೇ ನೋಡಬೇಕೆಂದು! ನಾವು ಕುಂಟುತ್ತ ಮೇಲೆ ಮುಟ್ಟಿದಾಗ ಅವರು ಅಲುಗದೆ ಕಾಕುನನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು. ಅವರ ಬೆನ್ನ ಹಿಂದೆ, ಕೆಳಗೆ, ಕಣ್ಣು ಹಾಯುವವರೆಗೂ ನೀಲಿ.

ಕಾಕು ಸೆರಗಿನಿಂದ ಮುಖ ಒರೆಸಿಕೊಂಡು, ನಾಚಿ, ಸಿಟ್ಟು ಮಾಡಿದರು. "ನನ್ನ ಮಾರಿ ಏನು ನೋಡ್ತೀರಿ? ಅತ್ತಾಗ ನೋಡ್ರಿ, ಸಮುದ್ರ!"

"ಅದು ಎಲ್ಲಿ ಹೋಗತೈತಿ, ಅಲ್ಲೇ ಇರತೈತಿ," ಎಂದರು ಕಾಕಾ. "ನೀ ಆ ಹೆಸರು ಇನ್ನೊಮ್ಮೆ ಅನ್ನು."

ಕಾಕು ಇನ್ನೊಮ್ಮೆ ಅಂದರು. ಈ ಸಲ ಮೆಲ್ಲಗೆ.