ಹೊಸ ಸೈಕಲ್ಲಿನ ಸರಕ್ ಸರಕ್

ಹೊಸ ಸೈಕಲ್ಲು ಮನೆಗೆ ಬಂದ ಮರುದಿನ ಬೆಳಿಗ್ಗೆ, ಅದರ ಮುಂದಿನ ಚಕ್ರ ಗೊಣಗುತ್ತದೆ ಎಂದು ಗುಮಾಸ್ತನಿಗೆ ಗೊತ್ತಾಯಿತು. ಹಿಂದಿನ ಸಂಜೆ ಅಂಗಡಿಯಿಂದ ತಳ್ಳಿಕೊಂಡು ಬರುವಾಗ ಪೇಟೆಯ ಗದ್ದಲದಲ್ಲಿ ಅದು ಕೇಳಿಸಿರಲಿಲ್ಲ. ಭಾನುವಾರದ ಖಾಲಿ ಬೀದಿಯಲ್ಲಿ ಒಂದು ಸುತ್ತು ಹೊಡೆದಾಗ, ಯಾರೋ ಒಣ ಎಲೆಯ ಮೇಲೆ ಚಪ್ಪಲಿ ಎಳೆದುಕೊಂಡು ಬೆನ್ನು ಹತ್ತಿದ ಹಾಗೆ ಕೇಳಿಸಿತು: ಸರಕ್, ಸರಕ್, ಸರಕ್. ಹಿಂತಿರುಗಿ ನೋಡಿದ, ಯಾರೂ ಇಲ್ಲ. ಇಳಿದು ಬಗ್ಗಿ ನೋಡಿದ. ಮುಂದಿನ ಚಕ್ರ ಫೋರ್ಕಿನ ಎರಡು ಕಾಲುಗಳ ನಡುವೆ ನೆಟ್ಟಗೆ ನಿಲ್ಲದೆ, ನಿದ್ದೆಗಣ್ಣಿನವನ ತಲೆಯ ಹಾಗೆ ಎಡಕ್ಕೆ ವಾಲಿ, ಬ್ರೇಕಿನ ರಬ್ಬರಿಗೆ ಕೆನ್ನೆ ಉಜ್ಜುತ್ತಿತ್ತು.

ಭಾನುವಾರ ಸೈಕಲ್ ಅಂಗಡಿಗೆ ರಜೆ. ಬೇರೆ ಯಾರಾದರೂ ಆಗಿದ್ದರೆ ನಾಳೆ ತೋರಿಸಿದರಾಯಿತು ಎಂದು ಒಳಗೆ ಹೋಗಿ ಮಲಗುತ್ತಿದ್ದರು. ಆದರೆ ಗುಮಾಸ್ತನಿಗೆ ಸೋಮವಾರ ಬೆಳಿಗ್ಗೆಯೇ ಸೈಕಲ್ಲು ಬೇಕಾಗಿತ್ತು. ಅದಕ್ಕೆ ಕಾರಣ ರೇಡಿಯೋ.

ರೇಡಿಯೋ ಎಂದರೆ ಅವನು ಕೆಲಸ ಮಾಡುವ ಬಟ್ಟೆ ಗೋದಾಮಿನ ಸೂಪರ್‌ವೈಸರ್. ದೊಡ್ಡ ಆಳು, ದೊಡ್ಡ ಮನಸ್ಸು, ಅದಕ್ಕಿಂತ ದೊಡ್ಡ ಬಾಯಿ. ನಿಜವಾದ ರೇಡಿಯೋದ ಕಿವಿ ಹಿಂಡಿದರೆ ಸುಮ್ಮನಾಗುತ್ತದೆ, ಈ ರೇಡಿಯೋ ಮೇಲಧಿಕಾರಿಯಾದ್ದರಿಂದ ಆ ಸೌಲಭ್ಯ ಇರಲಿಲ್ಲ. ಅವರ ಮನೆ ಗುಮಾಸ್ತನ ಪಕ್ಕದ ಬೀದಿಯಲ್ಲೇ. "ಹೆಂಗೂ ನಾನು ಹೋಗೋ ದಾರಿ, ಹತ್ತಪ್ಪಾ" ಎಂದು ಒಂದು ದಿನ ಸ್ಕೂಟರಿನ ಹಿಂದೆ ಕೂರಿಸಿಕೊಂಡವರು, ಆಮೇಲೆ ಇಳಿಸಲೇ ಇಲ್ಲ. ದಿನಾ ಹೋಗುವಾಗ ಮಾತು, ಬರುವಾಗ ಮಾತು. ಮಾತಿನ ಭರದಲ್ಲಿ ಕತ್ತು ಹಿಂದಕ್ಕೆ ತಿರುಗಿಸುವುದು ಬೇರೆ. ಆಗ ಎದುರಿಗೆ ಬರುವ ಲಾರಿಯನ್ನು ಗುಮಾಸ್ತನೇ ನೋಡಬೇಕು, "ಹೌದು ಸಾರ್" ಎಂದೂ ಗುಮಾಸ್ತನೇ ಹೇಳಬೇಕು. ಅವರು ಮನೆ ಕಟ್ಟಿಸಿದ ಕತೆ ವರ್ಷಗಳಿಂದ ನಡೆಯುತ್ತಿತ್ತು, ಇನ್ನೂ ಪಾಯದಿಂದ ಮೇಲೆ ಬಂದಿರಲಿಲ್ಲ.

ಕೊನೆಗೆ ಶನಿವಾರ ಗುಮಾಸ್ತ ಎದೆ ಗಟ್ಟಿ ಮಾಡಿಕೊಂಡು ಹೇಳಿಬಿಟ್ಟಿದ್ದ. "ಸಾರ್, ಡಾಕ್ಟರು ವ್ಯಾಯಾಮ ಮಾಡ್ಲೇಬೇಕು ಅಂದ್ರು. ಸೋಮವಾರದಿಂದ ನಾನು ಸೈಕಲ್‌ನಲ್ಲಿ ಬರ್ತೀನಿ."

ರೇಡಿಯೋ "ಓಹೋ" ಎಂದಿದ್ದರು, ಅಷ್ಟೇ. ಮನೆ ಬರುವವರೆಗೂ ಮತ್ತೊಂದು ಮಾತಿಲ್ಲ. ದಾರಿಯಲ್ಲಿ ಮರಗಳಿವೆ, ಮರಗಳಲ್ಲಿ ಹಕ್ಕಿಗಳಿವೆ ಎಂದು ಗುಮಾಸ್ತನಿಗೆ ಅವತ್ತೇ ತಿಳಿದದ್ದು.

ಈಗ ಸೋಮವಾರ ಮತ್ತೆ ಹೋಗಿ ಆ ಸ್ಕೂಟರಿನ ಹಿಂದೆ ಕೂತರೆ ಮುಗಿಯಿತು, ಇನ್ನು ಪಿಂಚಣಿ ಬರುವವರೆಗೂ ಇಳಿಯುವ ಹಾಗಿಲ್ಲ.

"ಏನ್ರೀ ಅದು ಸದ್ದು?" ಹೆಂಡತಿ ಬಾಗಿಲಿಗೆ ಬಂದಳು.

"ಹೊಸದಲ್ವಾ, ಸ್ವಲ್ಪ ಪಳಗಬೇಕು."

"ಪಳಗೋಕೆ ಅದೇನು ಚಪ್ಪಲಿನಾ? ನೋಡ್ತಾ ಇರಿ, ನಾಳೆ ಬೆಳಿಗ್ಗೆ ನೀವು ಮತ್ತೆ ಅವರ ಹಿಂದೇನೇ."

"ಆಗೋ ಮಾತೇ ಇಲ್ಲ. ಹೊತ್ತು ಮುಳುಗೋದ್ರೊಳಗೆ ಸರಿ ಮಾಡ್ತೀನಿ" ಎಂದ ಗುಮಾಸ್ತ. ಆದರೆ ಮನೆಯಲ್ಲಿ ಸ್ಪ್ಯಾನರ್ ಇರಲಿಲ್ಲ.

ಸ್ಪ್ಯಾನರ್ ಇದ್ದದ್ದು ಪಕ್ಕದ ಮನೆಯ ಡ್ರಿಲ್ ಮೇಷ್ಟ್ರ ಹತ್ತಿರ. ಅವರು ನಿವೃತ್ತರಾಗಿದ್ದರೂ ಅವರ ಸೀಟಿ ನಿವೃತ್ತಿಯಾಗಿರಲಿಲ್ಲ, ಇನ್ನೂ ಕತ್ತಿನಲ್ಲೇ ನೇತಾಡುತ್ತಿತ್ತು. ಸ್ಪ್ಯಾನರ್ ಕೇಳಿದರೆ ಅದರ ಜೊತೆಗೆ ಅವರೂ ಬಂದರು.

"ಮೊದಲು ತಲೆಕೆಳಗೆ ಮಾಡು!" ಎಂದರು.

"ಯಾರನ್ನ ಮೇಷ್ಟ್ರೇ?"

"ಸೈಕಲ್‌ನಯ್ಯಾ!"

ಸೈಕಲ್ಲು ಸೀಟಿನ ಮೇಲೆ ಶೀರ್ಷಾಸನ ಹಾಕಿತು. ಮೇಷ್ಟ್ರು ಎರಡೂ ಕಡೆಯ ನಟ್ಟು ಸಡಿಲ ಮಾಡಿ, ಒಂದು ಕಣ್ಣು ಮುಚ್ಚಿ, ಚಕ್ರವನ್ನು ಕೈಯಲ್ಲಿ ಹಿಡಿದು ಬಲಕ್ಕೆ ಎಳೆದು ಬಿಗಿದರು. ತಿರುಗಿಸಿದರೆ ಈಗ ಬಲಗಡೆಯ ರಬ್ಬರಿಗೆ ಸರಕ್ ಸರಕ್.

"ಜಾಸ್ತಿಯಾಯ್ತು. ಎಡಕ್ಕೆ!"

ಎಡಕ್ಕೆ ಸರಕ್ ಸರಕ್.

"ಬಲಕ್ಕೆ!"

ಶಾಲೆಯ ಮೈದಾನದಲ್ಲಿ ಮಕ್ಕಳು ಮಾಡುತ್ತಿದ್ದುದನ್ನೇ ಚಕ್ರವೂ ಬಹಳ ಹೊತ್ತು ಮಾಡಿತು. ನಡುವೆ ನಿಲ್ಲು ಎಂದರೆ ಮಾತ್ರ ಮಕ್ಕಳ ಹಾಗೆಯೇ ನಿಲ್ಲಲಿಲ್ಲ.

ಮಹಡಿಯ ಮೇಲಿನ ದರ್ಜಿ ಇದನ್ನೆಲ್ಲ ಕಟಕಟೆಗೆ ಒರಗಿ ನೋಡುತ್ತಿದ್ದ. ಅವನಿಗೆ ತಡೆದುಕೊಳ್ಳಲಾಗಲಿಲ್ಲ. "ಮೇಷ್ಟ್ರೇ, ಚಕ್ರನ ಯಾಕೆ ಎಳೀತೀರಾ? ಅಂಗಿ ಬಿಗಿಯಾದ್ರೆ ಮನುಷ್ಯನ್ನ ಕತ್ತರಿಸ್ತೀವಾ? ಅಂಗಿನೇ ತಾನೇ ಬಿಡಿಸೋದು?"

"ಅಂದ್ರೆ?"

"ರಬ್ಬರ್ ದಪ್ಪ ಇದೆ. ತಾಳಿ, ಬಂದೆ."

ಕತ್ತರಿ, ಟೇಪು, ಹೊಲಿಗೆ ಮೆಷಿನ್ನಿನ ಎಣ್ಣೆ ಹಿಡಿದು ಇಳಿದು ಬಂದ. ಚಕ್ರಕ್ಕೂ ರಬ್ಬರಿಗೂ ನಡುವೆ ಟೇಪು ಹಿಡಿದು ಅಳತೆ ತೆಗೆದ. ಗುಮಾಸ್ತ ಬೇಡ ಬೇಡ ಎನ್ನುವಷ್ಟರಲ್ಲಿ ಬ್ರೇಕಿನ ರಬ್ಬರನ್ನು ಕಾಲರ್ ಮೂಲೆ ಕತ್ತರಿಸುವ ನಾಜೂಕಿನಲ್ಲಿ ಹೆರೆದು ತೆಗೆದ. ಕೊನೆಗೆ ರಿಮ್ಮಿಗೆ ಸುತ್ತಲೂ ಎಣ್ಣೆ ಸವರಿದ.

"ಈಗ ತಿರುಗಿಸಿ, ಅಣ್ಣಾ."

ತಿರುಗಿಸಿದ. ಸದ್ದೇ ಇಲ್ಲ! ಗುಮಾಸ್ತ ದರ್ಜಿಯನ್ನು ತಬ್ಬಿಕೊಳ್ಳುವುದೊಂದು ಬಾಕಿ. "ಒಂದು ಸುತ್ತು ಹೋಗಿ ಬರ್ತೀನಿ" ಎಂದು ಸೈಕಲ್ಲು ಹತ್ತಿದ.

ಬೀದಿ ಸ್ವಲ್ಪ ಇಳಿಜಾರು. ಸೈಕಲ್ಲು ನೀರಿನ ಮೇಲಿನ ದೋಣಿಯ ಹಾಗೆ ನಿಶ್ಶಬ್ದವಾಗಿ ಜಾರಿತು. ಗುಮಾಸ್ತನ ಕಣ್ಣ ಮುಂದೆ ಸೋಮವಾರದ ಬೆಳಗು ಬಂತು: ತಣ್ಣನೆ ಗಾಳಿ, ಹಕ್ಕಿಗಳು, ಯಾರಿಗೂ ಹೌದು ಸಾರ್ ಅನ್ನಬೇಕಾಗಿಲ್ಲ. ತಿರುವಿನಲ್ಲಿ ಬ್ರೇಕ್ ಹಿಡಿದ. ಹಿಡಿದದ್ದು ಹಿಡಿದ ಹಾಗೇ ಹ್ಯಾಂಡಲ್ಲಿಗೆ ಹೋಗಿ ಅಂಟಿತು. ಹಿಂದಿನ ಬ್ರೇಕ್ ಒತ್ತಿದ. ಅದೂ ಹಾಗೇ.

"ಹಿಂದಿನ ಬ್ರೇಕ್ ಏನಾಯ್ತೋ?" ದೂರದಿಂದ ಮೇಷ್ಟ್ರು ಕೂಗಿದರು.

"ಜೋಡಿ ಒಂದೇ ಥರ ಇರ್ಲಿ ಅಂತ ಅದನ್ನೂ ಹೆರೆದೆ!" ಎಂದ ದರ್ಜಿ.

ತಿರುವಿನ ಮನೆಯ ಅಜ್ಜಿ ಬಾಗಿಲ ಮುಂದೆ ಹಗ್ಗ ಕಟ್ಟಿ ಬಟ್ಟೆ ಹರವಿದ್ದಳು. ಗುಮಾಸ್ತ ಮೊದಲ ಹಗ್ಗದ ಕೆಳಗೆ ಬಗ್ಗಿ ಪಾರಾದ. ಎರಡನೆಯದು ಅಷ್ಟು ದಯೆ ತೋರಲಿಲ್ಲ. ಅಲ್ಲಿಂದ ಮುಂದೆ ಹೋದದ್ದು ಒಂದು ಒದ್ದೆ ಹಾಸಿಗೆ ಬಟ್ಟೆ, ಅದರ ಕೆಳಗೆ ಎರಡು ಚಕ್ರ. ಕಾಂಪೌಂಡಿಗೆ ಗುದ್ದಿ ನಿಂತಿತು.

ಅಜ್ಜಿ ಹತ್ತಿರ ಬಂದು ಬಟ್ಟೆಯ ತುದಿ ಎತ್ತಿ ನೋಡಿದಳು. "ಇನ್ನೂ ಒಣಗಿಲ್ಲ ಕಣೋ, ಆಗ್ಲೇ ಯಾಕೆ ಹೊದ್ಕೊಂಡೆ?"

"ಚಕ್ರ ಸರಿ ಇರ್ಲಿಲ್ಲ ಅಜ್ಜಿ."

"ಚಕ್ರಕ್ಕೇನಾಗಿದೆ? ಕೂತ್ಕೊಂಡಿರೋನೇ ವಾಲ್ಕೊಂಡಿದೀಯ. ಬಾ, ಇದನ್ನ ಹಿಂಡೋಕೆ ಆ ಕಡೆ ತುದಿ ಹಿಡ್ಕೋ."

ಹಾಸಿಗೆ ಬಟ್ಟೆಯನ್ನು ಮತ್ತೆ ಒಗೆದು, ಹಿಂಡಿ, ಹರವಿ, ಹಗ್ಗ ಬಿಗಿದು, ಗುಮಾಸ್ತ ಸೈಕಲ್ಲು ತಳ್ಳಿಕೊಂಡು ಮನೆಗೆ ಬರುವಾಗ ಮಧ್ಯಾಹ್ನ ದಾಟಿತ್ತು. ಕಾಂಪೌಂಡಿಗೆ ಗುದ್ದಿದ ಏಟಿಗೆ ಚಕ್ರ ಎಡಕ್ಕೆ ಇನ್ನಷ್ಟು ವಾಲಿತ್ತು. ಈಗ ಅದು ರಬ್ಬರನ್ನು ಬಿಟ್ಟು ನೇರವಾಗಿ ಫೋರ್ಕಿನ ಕಾಲಿಗೇ ಉಜ್ಜುತ್ತಿತ್ತು. ಮೊದಲು ಸರಕ್ ಸರಕ್, ಈಗ ಗರಕ್ ಗರಕ್.

"ಪಳಗ್ತಾ ಇದೆ" ಎಂದಳು ಹೆಂಡತಿ.

ಊಟ ಮಾಡಿದ್ದೂ ಆಯಿತು, ಮೇಷ್ಟ್ರೂ ದರ್ಜಿಯೂ ಮತ್ತೆ ಹಾಜರಾದದ್ದೂ ಆಯಿತು. ಮೇಷ್ಟ್ರು ತಮ್ಮ ಹಳೇ ಸೈಕಲ್ಲಿನ ರಬ್ಬರುಗಳನ್ನು ಕಳಚಿ ತಂದು ಹಾಕಿದರು. ದರ್ಜಿ ಸೋಪಿನ ನೀರಿನಲ್ಲಿ ರಿಮ್ಮಿನ ಎಣ್ಣೆ ಒರೆಸಿ ಪ್ರಾಯಶ್ಚಿತ್ತ ಮಾಡಿಕೊಂಡ. ಬ್ರೇಕ್ ಹಿಡಿಯಿತು. ಚಕ್ರ ಮಾತ್ರ ತನ್ನ ಹಟ ಬಿಡಲಿಲ್ಲ. ಸೈಕಲ್ಲನ್ನು ತಲೆಕೆಳಗೆ ಮಾಡಿ ಬಿಚ್ಚಿದರು, ಹಾಕಿದರು, ಮತ್ತೆ ಬಿಚ್ಚಿದರು. ಕೈಯಲ್ಲಿ ಹಿಡಿದು ನೋಡಿದರೆ ನೆಟ್ಟಗೆ, ನಟ್ಟು ಬಿಗಿದರೆ ವಾಲು.

ಬಿಸಿಲು ಇಳಿಯಿತು. ಗುಮಾಸ್ತನ ಮುಖವೂ ಇಳಿಯಿತು.

"ಅಂಗಡಿಯವನಿಗೆ ತೋರಿಸಿ, ನಾಡಿದ್ದಿನಿಂದ ಹೋದ್ರಾಯ್ತು" ಎಂದು ಹೆಂಡತಿ ಈ ಸಲ ಮೆತ್ತಗೆ ಹೇಳಿದಳು.

"ನಾಳೆ ಒಂದು ದಿನ ಹತ್ತಿದ್ರೆ ಮುಗೀತು ಕಣೇ. ಅವರು ಮತ್ತೆ ಬಿಡಲ್ಲ."

"ಸರಿ, ಅದನ್ನ ನೆಟ್ಟಗಾದ್ರೂ ನಿಲ್ಲಿಸಿ. ಬಾಗಿಲಲ್ಲಿ ಓಡಾಡೋಕೆ ಜಾಗ ಇಲ್ಲ."

ಗುಮಾಸ್ತ ನಟ್ಟುಗಳನ್ನು ಸಡಿಲ ಬಿಟ್ಟೇ ಸೈಕಲ್ಲನ್ನು ಎತ್ತಿ ಚಕ್ರಗಳ ಮೇಲೆ ನಿಲ್ಲಿಸಿದ. ಅಷ್ಟರಲ್ಲಿ ಬೀದಿಯ ತುದಿಯಿಂದ ಪರಿಚಿತ ಧ್ವನಿಯೊಂದು, ಆಮೇಲೆ ಅದರ ಹಿಂದೆ ಪರಿಚಿತ ಹೊಟ್ಟೆಯೊಂದು ಬಂತು. ರೇಡಿಯೋ ನಡೆದುಕೊಂಡು ಬಂದಿದ್ದರು.

"ಏನಪ್ಪಾ, ಇದೇನಾ ಹೊಸ ಗಾಡಿ? ಬಣ್ಣ ಚೆನ್ನಾಗಿದೆ. ಏನಾಗಿದೆ, ಯಾಕೆ ಎಲ್ಲ ಸುತ್ತ ಕೂತಿದೀರಾ? ನಮ್ಮ ಮಾವನ ಹತ್ರ ಒಂದು ಸೈಕಲ್ ಇತ್ತು, ಅದರ ಕತೆ ಹೇಳ್ತೀನಿ ಕೇಳಿ..." ಎನ್ನುತ್ತ ಬಂದವರೇ ದಣಿವಾರಿಸಿಕೊಳ್ಳಲು ಎರಡೂ ಕೈಯಿಂದ ಹ್ಯಾಂಡಲ್ ಹಿಡಿದು, ಅದರ ಮೇಲೆ ಎದೆ, ಹೊಟ್ಟೆ, ಮಾವನ ಕತೆ ಎಲ್ಲದರ ಭಾರವನ್ನೂ ಹಾಕಿ ಒರಗಿದರು.

ಟಕ್ ಎಂದಿತು.

ಎಲ್ಲರೂ ಬಗ್ಗಿ ನೋಡಿದರು. ಚಕ್ರ ಫೋರ್ಕಿನ ನಡುವೆ ಬಾಚಿದ ಬೈತಲೆಯ ಹಾಗೆ ನೆಟ್ಟಗೆ ನಿಂತಿತ್ತು.

ವಿಷಯ ಇಷ್ಟೇ. ಫೋರ್ಕಿನ ಕಾಲುಗಳ ತುದಿಯಲ್ಲಿ ಚಕ್ರದ ನಡುವಿನ ಅಚ್ಚು, ಅಂದರೆ ಆಕ್ಸಲ್, ಕೂರಲು ಒಂದೊಂದು ಸೀಳಿರುತ್ತದೆ. ಹೊಸ ಸೈಕಲ್ಲಲ್ಲವೇ, ಎಡಗಡೆಯ ಸೀಳಿನೊಳಗೆ ಬಣ್ಣ ದಪ್ಪಗೆ ಕೂತು, ಆಕ್ಸಲ್ ಆ ಕಡೆ ಪೂರ್ತಿ ಒಳಗೆ ಹೋಗಿರಲಿಲ್ಲ. ತಲೆಕೆಳಗೆ ಮಾಡಿ ಕೈಯಲ್ಲಿ ಹಿಡಿದರೆ ಎಷ್ಟು ಭಾರ ಬಿದ್ದೀತು? ನೆಲದ ಮೇಲೆ ನಿಲ್ಲಿಸಿ ಮೇಲಿನಿಂದ ಅದುಮಬೇಕಿತ್ತು. ಅದುಮುವವರು ಈಗ ಬಂದಿದ್ದರು.

"ಸಾರ್, ಅಲ್ಲಾಡಬೇಡಿ! ಹಾಗೇ ಇರಿ!" ಗುಮಾಸ್ತ ಕೂಗಿದ. ಒಂದು ಕಡೆ ಅಷ್ಟು, ಇನ್ನೊಂದು ಕಡೆ ಅಷ್ಟು ಎಂದು ಸರದಿಯ ಮೇಲೆ ಎರಡೂ ನಟ್ಟು ಬಿಗಿದ. ಎತ್ತಿ ತಿರುಗಿಸಿದ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಸರಕ್ ಇಲ್ಲ, ಗರಕ್ ಇಲ್ಲ.

"ನಾನು ಹೇಳ್ಲಿಲ್ವಾ, ಮಧ್ಯಕ್ಕೆ ಬರ್ಬೇಕು ಅಂತ?" ಎಂದರು ಮೇಷ್ಟ್ರು.

"ನನ್ನ ಎಣ್ಣೆ ಈಗ ಕೆಲಸ ಮಾಡ್ತಾ ಇದೆ" ಎಂದ ದರ್ಜಿ.

ಗುಮಾಸ್ತನಿಗೆ ರೇಡಿಯೋ ಮೇಲೆ ಮೊದಲ ಸಲ ಪ್ರೀತಿ ಉಕ್ಕಿ ಬಂತು. "ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಸಾರ್" ಎಂದು ಮನಸಾರೆ ಹೇಳಿದ.

"ಅಯ್ಯೋ, ನನಗೂ ಅದೇ ಚಿಂತೆ ಆಗಿತ್ತಪ್ಪ. ಸೈಕಲ್ ಹೆಂಗಿದೆಯೋ ಏನೋ, ನೋಡ್ಕೊಂಡೇ ಹೋಗೋಣ ಅಂತ ಬಂದೆ."

"ನಿಮಗ್ಯಾಕೆ ಸಾರ್ ಚಿಂತೆ?"

"ನಿನ್ನೆ ನೀನು ಹೇಳಿದ ಮೇಲೆ ರಾತ್ರಿ ಊಟಾನೇ ಸೇರ್ಲಿಲ್ಲ. ಒಬ್ಬನೇ ಸ್ಕೂಟರ್‌ನಲ್ಲಿ ಹೋಗಿ ಏನ್ ಮಾಡ್ಲಿ? ಯಾರ ಹತ್ರ ಮಾತಾಡ್ಲಿ? ಬೆಳಿಗ್ಗೆ ಎದ್ದವನೇ ಸ್ಕೂಟರ್‌ನ ಅಳಿಯನಿಗೆ ಕೊಟ್ಬಿಟ್ಟೆ. ಅವನೂ ಪಾಪ, ಬಹಳ ದಿನದಿಂದ ಕೇಳ್ತಿದ್ದ."

ಗುಮಾಸ್ತನ ಕೈಯಿಂದ ಸ್ಪ್ಯಾನರ್ ಜಾರಿತು. "ಮತ್ತೆ... ಗೋದಾಮಿಗೆ ಹೆಂಗೆ ಬರ್ತೀರಾ ಸಾರ್?"

ರೇಡಿಯೋ ನಗುತ್ತ ಸೈಕಲ್ಲಿನ ಹಿಂದಿನ ಕ್ಯಾರಿಯರನ್ನು ಎಮ್ಮೆಯ ಬೆನ್ನು ತಟ್ಟುವ ಹಾಗೆ ತಟ್ಟಿದರು. "ಗಟ್ಟಿ ಇದೆ. ನಿನಗೆ ಹೆಂಗೂ ಡಾಕ್ಟರು ವ್ಯಾಯಾಮ ಹೇಳಿದಾರಲ್ಲ, ನಾನು ಹಿಂದೆ ಕೂತ್ರೆ ಇನ್ನೂ ಒಳ್ಳೇದು. ಸಂಕೋಚ ಪಟ್ಕೋಬೇಡ, ಇಷ್ಟು ದಿನ ನೀನು ನನ್ನ ಜೊತೆ ಬರ್ಲಿಲ್ವಾ? ನಡಿ, ಈಗ್ಲೇ ಒಂದು ಸುತ್ತು ಹೋಗಿ ನೋಡೋಣ."

ಮೇಷ್ಟ್ರು ಸೀಟಿ ಊದಿದರು. ದರ್ಜಿ ಹಿಂದಿನಿಂದ ತಳ್ಳಿಕೊಟ್ಟ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಗುಮಾಸ್ತ ಸೀಟಿನಿಂದ ಎದ್ದು ನಿಂತು ಪೆಡಲ್ ತುಳಿಯುತ್ತ, ಹಲ್ಲು ಕಚ್ಚಿ, ಏರಿನ ಕಡೆ ಹೊರಟ. ಸೈಕಲ್ಲು ಮದುವೆ ದಿಬ್ಬಣದ ಹಾಗೆ ನಿಧಾನವಾಗಿ ಸಾಗಿತು.

ಬೆನ್ನ ಹಿಂದೆ ಮಾವನ ಕತೆ ಬಿಟ್ಟಲ್ಲಿಂದ ಶುರುವಾಯಿತು. ಬೀದಿಯ ಅರ್ಧಕ್ಕೆ ಬಂದಾಗ ಅದು ತಟ್ಟನೆ ನಿಂತಿತು. ರೇಡಿಯೋ ಕಿವಿಗೊಟ್ಟು ಏನನ್ನೋ ಆಲಿಸಿ, ಸಂತೋಷದಿಂದ ಅವನ ಭುಜ ಹಿಡಿದು ಹೇಳಿದರು:

"ಚಕ್ರ ಒಂಚೂರೂ ಸದ್ದು ಮಾಡ್ತಿಲ್ಲ ನೋಡು. ಸ್ಕೂಟರ್‌ನಲ್ಲಿ ಆ ಇಂಜಿನ್ ಗಲಾಟೆಗೆ ನಾನು ಹೇಳಿದ್ದು ನಿನಗೆ ಅರ್ಧ ಕೇಳಿಸ್ತಾನೇ ಇರ್ಲಿಲ್ಲ, ಅಲ್ವಾ? ಇರ್ಲಿ ಬಿಡು. ಎಲ್ಲಾ ಮೊದಲಿಂದ ಹೇಳ್ತೀನಿ."