ಮಹಡಿ ಮೇಲಿನ ದಯ್ಯಾಲು

ಧಾರಾವಾಹಿ ನೋಡುವುದಿಲ್ಲ ಎಂದು ಎದೆ ತಟ್ಟಿ ಹೇಳುವ ಗಂಡಸರಲ್ಲಿ ನಾನೂ ಒಬ್ಬ. ನೋಡುವುದಿಲ್ಲವೆಂದರೆ, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಅದರ ಅಂಚಿನಿಂದ ನೋಡುತ್ತೇನೆ. ಕಥೆ ಬಿಸಿಯೇರಿದಾಗ ಪತ್ರಿಕೆ ತಾನಾಗಿಯೇ ಕೆಳಗಿಳಿಯುತ್ತದೆ. ಅದು ನನ್ನ ತಪ್ಪಲ್ಲ, ಕಾಗದದ ತೂಕ.

ಮಧುಗಿರಿಯ ನಮ್ಮ ಮನೆಗೆ ಈ ಧಾರಾವಾಹಿಯನ್ನು ತಂದವರು ನಮ್ಮತ್ತೆ. ಪಾವಗಡದ ಆಚೆ, ನಿಡುಗಲ್ ಬೆಟ್ಟದ ಬುಡದ ಹಳ್ಳಿಯವರು. ನಾಲ್ಕು ಮಾತಿಗೊಂದು ತೆಲುಗು ಪದ ಒಗ್ಗರಣೆಯಂತೆ ಬೀಳುತ್ತದೆ. ಕಣ್ಣಿನ ಪೊರೆ ತೆಗೆಸಿಕೊಳ್ಳಲೆಂದು ಬಂದರು. ಪೊರೆ ಹೋದ ಕಣ್ಣಿಗೆ ಮೊದಲು ಬಿದ್ದದ್ದೇ ಈ ಕಥೆ. ಒಬ್ಬ ಬ್ರಹ್ಮರಾಕ್ಷಸ, ಒಬ್ಬ ಬೇತಾಳ, ಒಬ್ಬಳು ಮೋಹಿನಿ ಸೇರಿ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದು ಮನುಷ್ಯರಂತೆ ಬದುಕುತ್ತಾರೆ. ಬ್ರಹ್ಮರಾಕ್ಷಸ ಮಕ್ಕಳಿಗೆ ಟ್ಯೂಷನ್ ಹೇಳುತ್ತಾನೆ, ಬೇತಾಳ ಲೈನ್‌ಮನ್, ಮೋಹಿನಿ ಸೀರೆ ಅಂಗಡಿಯಲ್ಲಿ. ಕಥೆ ಮುಗಿದ ಮೇಲೆ ಊರಿಗೆ ಹೋಗುವುದೆಂದು ಅತ್ತೆಯ ತೀರ್ಮಾನ. ಧಾರಾವಾಹಿ ಮುಗಿಯುವ ವಸ್ತುವಲ್ಲವೆಂದು ಅವರಿಗೂ ಗೊತ್ತು.

ಒಂದು ಶನಿವಾರದ ಕಂತಿನಲ್ಲಿ ಮನೆ ಓನರಿಗೆ ಅನುಮಾನ ಬಂತು. ಬಾಡಿಗೆಯವರ ಅಡುಗೆಮನೆಯಿಂದ ಒಗ್ಗರಣೆ ವಾಸನೆಯೇ ಬರುವುದಿಲ್ಲವಲ್ಲ! ಆತ ಮೆಟ್ಟಿಲು ಹತ್ತಿ ಬಾಗಿಲಿಗೆ ಕೈಯಿಟ್ಟ ಕೂಡಲೇ ಕಂತು ಮುಗಿಯಿತು.

ಮರುದಿನ ಬೆಳಿಗ್ಗೆ ಅತ್ತೆ ನನ್ನ ಕಾಫಿಯ ಮುಂದೆ ಬಂದು ನಿಂತರು.

“ಅಳಿಯಂದ್ರೇ, ಮ್ಯಾಲಿನ ಹುಡ್ಗೀರ ಮನ್ಯಾಗೆ ಕುಕ್ಕರ್ ಕೂಗಿ ಎಷ್ಟು ದಿನಾತು ಅಂತ ಏನಾರ ಗ್ಯಾನ ಐತಾ? ನೀರು ಬಿಟ್ರೂ ಕೊಡ ತಗಂಡು ಇಳಿದಿಲ್ಲ. ನಂಗ್ಯಾಕೋ ಅವು ದಯ್ಯಾಲು ಅಂತ್ಲೇ ಅನುಮಾನ ಕಣ್ರಪ್ಪ.”

ದಯ್ಯಾಲು ಎಂದರೆ ತೆಲುಗಿನಲ್ಲಿ ದೆವ್ವಗಳು. ನಮ್ಮ ಮಹಡಿ ಮೇಲಿರುವುದು ಗಾರ್ಮೆಂಟ್ಸಿಗೆ ಹೋಗುವ ಒಡಿಶಾ ಕಡೆಯ ಅಕ್ಕತಂಗಿ. ಬಂದು ತಿಂಗಳೂ ತುಂಬಿರಲಿಲ್ಲ, ಕನ್ನಡ ಬಾರದು. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ನಕ್ಕುಬಿಟ್ಟೆ.

“ಎಲ್ಲೋ ಹೋಗಿರ್ತಾರೆ, ಬಿಡಿ ಅತ್ತೆ.”

“ಚಪ್ಲಿ ಬಾಗ್ಲಾಗೇ ಅವೆ.”

“ದೆವ್ವಕ್ಕೆ ಚಪ್ಪಲಿ ಯಾಕತ್ತೆ?”

“ಅದ್ನೇ ನಾನೂ ಕೇಳ್ತಿರಾದು!”

ಒಳಗಿನಿಂದ ನನ್ನ ಹೆಂಡತಿ, “ಒಂದ್ಸಲ ಹೋಗಿ ನೋಡ್ಕೊಂಡು ಬನ್ರೀ, ಇಲ್ಲಾಂದ್ರೆ ಅಮ್ಮ ಇವತ್ತು ತಿಂಡಿ ತಿನ್ನಲ್ಲ” ಎಂದಳು. ಮೆಟ್ಟಿಲು ಹತ್ತಿದೆ. ಹಿಂದೆ ಒಂದು ಕೈಯಲ್ಲಿ ಬೇವಿನ ಸೊಪ್ಪು, ಇನ್ನೊಂದರಲ್ಲಿ ಪೊರಕೆ ಹಿಡಿದು ಅತ್ತೆ.

ಬಾಗಿಲು ತಟ್ಟಿದೆ. ಸದ್ದಿಲ್ಲ. ಮತ್ತೆ ತಟ್ಟಿದಾಗ ಒಳಗೆ ಏನೋ ನೆಲದ ಮೇಲೆ ತೆವಳಿದಂತಾಯಿತು, ಜೊತೆಗೊಂದು ನರಳಿಕೆ. ಪಾಠ ಹೇಳಿಕೊಟ್ಟ ವಿಜ್ಞಾನವೆಲ್ಲ ಮೆಟ್ಟಿಲಿಳಿದು ನನಗಿಂತ ಮೊದಲೇ ಕೆಳಗೆ ಹೋಯಿತು. ಚಿಲಕ ಕಿರ್ರೆಂದಿತು. ಕೂದಲು ಕೆದರಿ ಮುಖ ಮುಚ್ಚಿದ, ಕಣ್ಣು ಕೆಂಪಾದ ಅಕ್ಕ ಗೋಡೆ ಹಿಡಿದು ನಿಂತಿದ್ದಳು. ನಾನು ಹಿಂದಕ್ಕೆ ನೆಗೆದು ಅತ್ತೆಯ ಕಾಲು ತುಳಿದೆ.

ಅತ್ತೆ “ಅಯ್ಯೋ” ಎಂದರು. ಅದು ಕಾಲಿಗೋ ಹುಡುಗಿಗೋ ತಿಳಿಯುವ ಮೊದಲೇ ಪೊರಕೆ, ಬೇವು ಎರಡನ್ನೂ ಬಿಸಾಕಿ, ನನ್ನನ್ನು ಪಕ್ಕಕ್ಕೆ ತಳ್ಳಿ, ಅವಳ ಹಣೆಯ ಮೇಲೆ ಅಂಗೈ ಇಟ್ಟಿದ್ದರು. ಒಳಗೆ ಚಾಪೆಯ ಮೇಲೆ ತಂಗಿ ಮುದುಡಿ ಬಿದ್ದಿದ್ದಳು.

“ಮೈ ಕೆಂಡ ಆಗೈತಲ್ಲೋ! ಮರ ನಿಂತಂಗೆ ನಿಂತ್ಬುಟ್ಯಲ್ಲ, ಆಟೋ ಕರಿಯೋ!”

ಮದುವೆಯಾದಂದಿನಿಂದ ಬಹುವಚನದಲ್ಲೇ ಮಾತಾಡಿಸಿದ ಅತ್ತೆ ಆವತ್ತು ಏಕವಚನಕ್ಕಿಳಿದರು. ನನಗೂ ಅದೇ ಸರಿ ಎನ್ನಿಸಿ ಓಡಿದೆ.

ಇಬ್ಬರಿಗೂ ಡೆಂಗಿ. ತಂಗಿಗೆ ಮೈಯಲ್ಲಿ ನೀರಿನಂಶವೇ ಉಳಿದಿರಲಿಲ್ಲ. ಡ್ರಿಪ್ ಹಾಕಿಸಿ ಸಂಜೆಯವರೆಗೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತೆವು. ಅಷ್ಟು ಹೊತ್ತೂ ಅತ್ತೆ ಧಾರಾವಾಹಿಯ ಮಾತೆತ್ತಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಕೊನೆಗೆ ಡಾಕ್ಟರಮ್ಮ ಹೊರಗೆ ಬಂದು, “ಇನ್ನು ಭಯವಿಲ್ಲ. ಒಳ್ಳೇ ಹೊತ್ತಿಗೆ ಕರ್ಕೊಂಡು ಬಂದ್ರಿ. ಹುಷಾರಿಲ್ಲ ಅಂತ ಹೇಗೆ ಗೊತ್ತಾಯ್ತು?” ಎಂದರು. ನಾನು ಚಾವಣಿಯ ಫ್ಯಾನ್ ನೋಡಿದೆ. ಅತ್ತೆ ಮಾತ್ರ ಗಂಭೀರವಾಗಿ, “ಸೀರಿಯಲ್ ನೋಡಿ ಕಣಮ್ಮ” ಎಂದರು. ಡಾಕ್ಟರಮ್ಮ ನಕ್ಕರು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ನಾನೂ ನಕ್ಕೆ.

ಹುಡುಗಿಯರು ಚೇತರಿಸಿಕೊಂಡದ್ದು ನಮ್ಮ ನಡುಮನೆಯಲ್ಲೇ. ಗಂಜಿಯಿಂದ ಶುರುವಾಗಿ ಮುದ್ದೆ, ಬಸ್ಸಾರಿನವರೆಗೆ ಬಂದರು. ಸಂಜೆ ಮೂವರೂ ಸಾಲಾಗಿ ಕೂತು ಬ್ರಹ್ಮರಾಕ್ಷಸನ ಟ್ಯೂಷನ್ ನೋಡುತ್ತಾರೆ. ಅತ್ತೆ ತೆಲುಗು ಬೆರೆಸಿ ವಿವರಿಸುತ್ತಾರೆ, ಅವರು ಒಡಿಯಾದಲ್ಲಿ ಹೂಂಗುಟ್ಟುತ್ತಾರೆ. ದೆವ್ವದ ಭಾಷೆ ಎಲ್ಲರಿಗೂ ಬರುತ್ತದೆಂದು ಕಾಣುತ್ತದೆ.

ಮೊನ್ನೆ ಭಾನುವಾರ ನಡುಮನೆಯಲ್ಲಿ ನನಗೆ ಜಾಗವಿಲ್ಲದೆ, ತಾರಸಿಯ ನೀರಿನ ಟ್ಯಾಂಕಿನ ನೆರಳಿನಲ್ಲಿ ಟವೆಲ್ ಹೊದ್ದು ಮಲಗಿದ್ದೆ. ಯಾರೋ ಮೆಲ್ಲಗೆ ಟವೆಲ್ ಸರಿಸಿದರು. ಕಣ್ಣು ಬಿಟ್ಟರೆ ತಂಗಿ, ಹೊಸದಾಗಿ ಕಲಿತ ಕನ್ನಡದೊಂದಿಗೆ.

“ಅಂಕಲ್, ಸದ್ದೇ ಇಲ್ಲ ಅಂತ ಅಜ್ಜಿ ನೋಡ್ಕಂಬಾ ಅಂದ್ರು. ನೀವು ಇದ್ದೀರಾ?”

“ಇದ್ದೀನಮ್ಮ” ಎಂದೆ.

ಮೆಟ್ಟಿಲ ಬುಡದಿಂದ ಅತ್ತೆಯ ದನಿ ಬಂತು: “ಬಾಯಾಗೆ ಹೇಳಿದ್ರೆ ನಂಬ್ಬುಡಬ್ಯಾಡ ಕಣಮ್ಮ, ಮುಟ್ಟಿ ನೋಡು!”