ಮಸ್ಕತ್ತಿಗೆ ಮೂರೂವರೆ ಗಂಟೆ, ಗೇಟ್ ಬಿಟ್ಟು

ಆಂಡರ್ಸನ್‌ಪೇಟೆಯಲ್ಲಿ ಟಿಕೆಟ್ ಬುಕಿಂಗ್ ಅಂಗಡಿ ಇಟ್ಟವನು ತಲೆ ಕೆಡಿಸಿಕೊಳ್ಳೋಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಬಾಗಿಲು ತೆಗೆದರೆ ಸಾಕು, ಕೆಡಿಸೋರು ತಾವಾಗೇ ಬರ್ತಾರೆ. ಈ ಸಲ ಬಂದವರು ಬಂಗಾರಪೇಟೆ ಕಡೆ ಹಳ್ಳಿಯ ಹಾಲಿನಮ್ಮ. ಎರಡು ಸೀಮೆಹಸು ಸಾಕಿ ಡೈರಿಗೆ ಹಾಲು ಹಾಕೋ ಹೆಂಗಸು. ಮಸ್ಕತ್ತಿನಲ್ಲಿ ನರ್ಸ್ ಆಗಿರೋ ಮಗಳಿಗೆ ಚೊಚ್ಚಲ ಹೆರಿಗೆ. ಮಗು ಹುಟ್ಟೋಷ್ಟರಲ್ಲಿ ತಾನು ಅಲ್ಲಿರಲೇಬೇಕು ಅನ್ನೋದು ಅವರ ಹಟ. ಊರಿನ ಹೆಂಗಸರಿಗೆಲ್ಲ ಹಾಗಂತ ಸಾರಿಯೂ ಆಗಿತ್ತು.

ದೂರ

ಮಸ್ಕತ್ ಎಷ್ಟು ದೂರ ಅಂದರು. ಬೆಂಗಳೂರಿಂದ ಎರಡು ಸಾವಿರ ಕಿಲೋಮೀಟರಿಗೆ ಸ್ವಲ್ಪ ಮೇಲೆ ಅಂದೆ. ಕಿಲೋಮೀಟರ್ ಕಟ್ಕೊಂಡು ನಾನೇನು ಮಾಡ್ಲಿ, ಎಷ್ಟೊತ್ತು ಅದನ್ನ ಹೇಳು ಅಂದರು. ವಿಮಾನದಲ್ಲಿ ಮೂರೂವರೆ ಗಂಟೆ ಅಂದೆ. ಅದಕ್ಕೂ ಸಮಾಧಾನ ಇಲ್ಲ.

"ಗೇಟ್ ಸೇರಿಸಿ ಹೇಳ್ತಿದ್ದೀಯೋ, ಬಿಟ್ಟು ಹೇಳ್ತಿದ್ದೀಯೋ?"

ಅವರೂರಿಂದ ಎಲ್ಲಿಗೆ ಹೊರಟರೂ ರೈಲ್ವೆ ಗೇಟ್ ದಾಟಬೇಕು, ಹಾಕಿದ್ದರೆ ಕಾಯಬೇಕು. ಹಾಗಾಗಿ ಯಾವ ದಾರಿಗಾದರೂ ಎರಡು ಲೆಕ್ಕ, ಗೇಟ್ ಸೇರಿಸಿ ಇಷ್ಟು, ಬಿಟ್ಟು ಇಷ್ಟು. ಆಕಾಶದಲ್ಲಿ ಗೇಟ್ ಎಲ್ಲಿಂದ ಬರ್ತದೆ ತಾಯಿ ಅಂತ ರೇಗಿದೆ. ಹಂಗಾದ್ರೆ ಬಿಟ್ಟು ಅಂತ ಬರ್ಕೋ ಅಂದರು.

ಗಡಿಯಾರ

ಟಿಕೆಟ್ ತೆಗೆದೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬೆಂಗಳೂರು ಬಿಟ್ಟು ಅಲ್ಲಿ ಹತ್ತಕ್ಕೆ ಇಳಿಯೋದು. ಮಾರನೇ ದಿನ ಅವರ ಯಜಮಾನರು ಟಿಕೆಟ್ ಹಿಡ್ಕೊಂಡು ಓಡಿ ಬಂದರು. ನೀನು ಮೂರೂವರೆ ಅಂದೆ, ಇದರಲ್ಲಿ ಎರಡೇ ಗಂಟೆ ಐತೆ, ಇವಳನ್ನ ಮಧ್ಯದಲ್ಲೆಲ್ಲಾದರೂ ಇಳಿಸಿಬಿಡ್ತಾರಾ ಅಂತ. ಮಸ್ಕತ್ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ ಓಡ್ತದೆ ಅಂತ ಗೋಡೆ ಗಡಿಯಾರ ಇಳಿಸಿ, ಮುಳ್ಳು ತಿರುಗಿಸಿ ತೋರಿಸಿದೆ. ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಎಲ್ಲ ಕೇಳಿಸಿಕೊಂಡು ಅವರು ಅಂದರು:

"ಹಿಂದೆ ಓಡ್ತಿದ್ರೆ ರಿಪೇರಿ ಮಾಡಿಸ್ಬಾರ್ದಾ? ಅಷ್ಟು ದುಡ್ಡಿರೋ ದೇಶ."

ರಾಹುಕಾಲ

ಇದು ಮುಗೀತು ಅನ್ನೋಷ್ಟರಲ್ಲಿ ಹಾಲಿನಮ್ಮನೇ ಬಂದರು. ಸೋಮವಾರ ಎಂಟು ಗಂಟೆ ರಾಹುಕಾಲ, ಮಂಗಳವಾರಕ್ಕೆ ಹಾಕು ಅಂತ. ಮೈಯೆಲ್ಲ ಉರೀತು ನನಗೆ. ಹೆರಿಗೆ ಇವತ್ತೋ ನಾಳೆಯೋ ಅನ್ನೋ ಹಾಗಿದೆ, ಒಂದು ದಿನ ಕಳ್ಕೋಬೇಡಿ ಅಂದೆ. ನಮ್ಮ ಎಂಟಕ್ಕೆ ಅಲ್ಲಿ ಆರೂವರೆ, ಅಲ್ಲಿನ್ನೂ ರಾಹುಕಾಲ ಶುರುವೇ ಆಗಿರಲ್ಲ ಅಂತಲೂ ವಾದ ಮಾಡಿದೆ. ಟಿಕೆಟ್ ಮಾರೋನು ಪಂಚಾಂಗ ಹೇಳೋ ಗತಿ ಬಂತು ನೋಡಿ.

"ವಿಮಾನ ಹತ್ತೋದು ಇಲ್ಲಿ ಕಣಪ್ಪ. ರಾಹು ಇಲ್ಲೇ ಇರ್ತಾನೆ."

ಹಲ್ಲು ಕಡೀತಾ ಮಂಗಳವಾರ ಬೆಳಿಗ್ಗೆ ಆರರ ವಿಮಾನಕ್ಕೆ ಬದಲಾಯಿಸಿದೆ.

ಹೆರಿಗೆ

ಮಂಗಳವಾರ ಯಜಮಾನರು ನನ್ನ ಅಂಗಡಿಗೇ ಬಂದು ಕೂತರು. ಬಟ್ಟೆ ತಗೊಳ್ಳೋಕೆ ಪೇಟೆಗೆ ಬಂದಿದ್ದ ಅವರೂರಿನ ನಾಲ್ಕು ಹೆಂಗಸರೂ ಜೊತೆಗೆ. ಅಳಿಯನ ಫೋನ್ ಬಂತು. ಹೆಣ್ಣು ಮಗು, ನಿಮ್ಮ ಟೈಮಲ್ಲಿ ಹತ್ತು ಗಂಟೆಗೆ ಹುಟ್ತು ಅಂದ. ನಮ್ಮ ಹತ್ತು ಅಂದರೆ ಅಲ್ಲಿ ಎಂಟೂವರೆ. ಹಾಲಿನಮ್ಮ ಇಳಿದಿದ್ದೇ ಅಲ್ಲಿನ ಎಂಟಕ್ಕೆ, ಆಗಿನ್ನೂ ಏರ್‌ಪೋರ್ಟಲ್ಲೇ ಇರ್ತಾರೆ. ಅಷ್ಟು ಬಡ್ಕೊಂಡೆನಲ್ಲ ಅಂತ ಸಿಟ್ಟೂ ಬಂತು, ಪಾಪ ಅಂತ ಸಂಕಟವೂ ಆಯ್ತು.

ಸ್ವಲ್ಪ ಹೊತ್ತಿಗೆ ಹಾಲಿನಮ್ಮನದೇ ಫೋನ್. ಯಜಮಾನರು ಸ್ಪೀಕರ್ ಹಾಕಿದರು. ಹೆಂಗಸರಲ್ಲೊಬ್ಬಳು ಕೇಳಿಯೇಬಿಟ್ಟಳು, ಮಗು ಹುಟ್ಟೋವಾಗ ಇದ್ದೆಯೇನಕ್ಕ ಅಂತ.

ಎಷ್ಟೊತ್ತಿಗೆ ಹುಟ್ತು ಅಂದ್ರು ಅಂತ ಅವರೇ ತಿರುಗಿ ಕೇಳಿದರು. ಹತ್ತಕ್ಕೆ ಅಂದರು ಯಜಮಾನರು.

"ನಾನು ಆಸ್ಪತ್ರೆಗೆ ಬಂದಾಗ ಇಲ್ಲಿ ಗಡಿಯಾರದಲ್ಲಿ ಒಂಬತ್ತೂಕಾಲು. ಮುಕ್ಕಾಲು ಗಂಟೆ ಮುಂಚೇನೇ ಬಂದು ಕಾಯ್ತಾ ಕುಂತಿದ್ದೆ ಕಣೇ. ಬೇಕಾದ್ರೆ ಆ ಟಿಕೆಟ್‌ನೋನ್ನೇ ಕೇಳು."

ನಾಲ್ಕೂ ಹೆಂಗಸರು ನನ್ನ ಕಡೆ ತಿರುಗಿದರು.

ಲೆಕ್ಕ ಸರಿಯಾಗೇ ಇದೆ ಅಂದೆ, ಇನ್ನೇನು ಮಾಡಲಿ.